ಕಷಾಯದ ಕೈ, ಸಣ್ಣ ಉರಿ: ಕ್ರಿಸ್ಮಸ್‌ಗೆ ಬಿಸಿ ಮಸಾಲೆ ವೈನ್

ಮೊದಲ ಸಲ ಬಿಸಿ ಮಸಾಲೆ ವೈನ್ ಮಾಡಿದ ದಿನ ಮಂಗಳೂರು ಬಿಜೈಯ ನಮ್ಮ ಮನೆಯ ಘಮ ಪಕ್ಕದ ಮನೆ ಬಾಯಮ್ಮನವರನ್ನೂ ಎಳೆದು ತಂತು. ಕೈಯಲ್ಲಿ ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ ತಟ್ಟೆ: ಕಿಡಿಯೊ, ನೆವ್ರಿ, ಗುಳಿಯೊ, ರೋಸ್ ಕುಕ್ಕೀಸ್. ತಟ್ಟೆ ಕೆಳಗಿಟ್ಟು, ಒಲೆಯ ಮೇಲಿನ ಪಾತ್ರೆಗೆ ಇಣುಕಿ, "ಇದೆಂತ ಮಗಾ, ಯಾರಿಗಾದ್ರೂ ಜ್ವರ ಉಂಟಾ?" ಅಂದರು. ಇಲ್ಲ ಬಾಯಮ್ಮ, ವೈನ್ ಕುದಿಸ್ತಾ ಇದ್ದೇನೆ ಅಂದೆ. ಅವರ ಮುಖ ನೋಡಬೇಕಿತ್ತು. ಪ್ರತಿ ವರ್ಷ ಭರಣಿ ತೊಳೆದು, ಒಣಗಿಸಿ, ದ್ರಾಕ್ಷಿ ಹಾಕಿ ಕಾಯುವವರು ಅವರು. ವೈನನ್ನು ಒಲೆ ಮೇಲೆ ಇಡುವುದೆಂದರೆ ಅವರ ಲೆಕ್ಕದಲ್ಲಿ ಗಟ್ಟಿ ಮೊಸರನ್ನು ಕುದಿಸಿದ ಹಾಗೆ.

ಅವರ ಸಂಶಯ ತಪ್ಪೇನಲ್ಲ. ಆವತ್ತು ನಾನು ಮಾಡಿದ್ದು ನಿಜಕ್ಕೂ ಕಷಾಯವೇ. ಲವಂಗ, ದಾಲ್ಚಿನ್ನಿ, ಒಳ್ಳೆಮೆಣಸು ಎಲ್ಲ ವೈನಿಗೆ ಸುರಿದು ಅರ್ಧ ಗಂಟೆ ಕೊತಕೊತ ಕುದಿಸಿದ್ದೆ. ಮನೆಯೆಲ್ಲ ಪರಿಮಳ. ಲೋಟಕ್ಕೆ ಹಾಕಿ ಕುಡಿದರೆ ಹುಳಿ, ಕಹಿ, ಜೊತೆಗೆ ನಾಲಿಗೆ ಜೋಮು. ಪರಿಮಳವೆಲ್ಲ ಮನೆಗೆ ಹೋಯಿತು, ಲೋಟಕ್ಕೆ ಉಳಿದದ್ದು ಗಸಿ.

ಆಮೇಲೆ ಮೂರ್ನಾಲ್ಕು ಡಿಸೆಂಬರ್ ಕಳೆದ ಮೇಲೆ ಅರ್ಥವಾಯಿತು. ಈ ಪಾನೀಯ ನಮಗೆ ಬಹಳ ಹತ್ತಿರದ್ದು. ಮಸಾಲೆ ಜಜ್ಜುವುದು, ಸಾರ ಇಳಿಸುವುದು, ಬಟ್ಟೆಯಲ್ಲಿ ಸೋಸುವುದು, ಬಿಸಿಬಿಸಿಯಾಗಿ ಗುಟುಕರಿಸುವುದು, ಎಲ್ಲವೂ ಕಷಾಯ ಮಾಡುವವರ ಕೈಗೆ ಗೊತ್ತು. ಮರೆಯಬೇಕಾದ್ದು ಒಂದೇ. ಅಜ್ಜಿಯ ಕಷಾಯ 'ನಾಲ್ಕು ಲೋಟ ಒಂದು ಲೋಟಕ್ಕೆ ಇಳಿಯಬೇಕು'. ವೈನ್ ಇಳಿಯಬಾರದು.

ಇದು ಚಳಿ ದೇಶದ ಹಬ್ಬದ ಪಾನೀಯ. ಜರ್ಮನಿಯವರು ಗ್ಲೂವೈನ್ ಅನ್ನುತ್ತಾರೆ. ಕೆಂಪಗೆ ಕಾಯಿಸಿದ ಕಬ್ಬಿಣದ ಸಲಾಕೆಯಿಂದ ವೈನ್ ಬಿಸಿ ಮಾಡುತ್ತಿದ್ದ ಕಾಲದಿಂದ ಬಂದ ಹೆಸರಂತೆ. ಸ್ವೀಡನ್ನಿನಲ್ಲಿ ಅದು ಗ್ಲೋಗ್, ಫ್ರಾನ್ಸಿನಲ್ಲಿ ಸರಳವಾಗಿ ವ್ಯಾನ್ ಶೋ, ಅಂದರೆ ಬಿಸಿ ವೈನ್. ಜರ್ಮನಿಯ ಕ್ರಿಸ್ಮಸ್ ಸಂತೆಗಳಲ್ಲಿ ಇದೇ ಮುಖ್ಯ ವ್ಯಾಪಾರ. ಅವುಗಳಲ್ಲಿ ಹಳೆಯದಾದ ಡ್ರೆಸ್ಡೆನ್ ಸಂತೆ 1434ರಿಂದ ನಡೆಯುತ್ತಿದೆ. ಗ್ಲೂವೈನ್ ಎಂಬ ಹೆಸರಿಗೆ ಯುರೋಪಿನಲ್ಲಿ ಕಾನೂನೇ ಇದೆ. ದ್ರಾಕ್ಷಿ ವೈನಿನಿಂದಲೇ ಮಾಡಿರಬೇಕು, ಮುಖ್ಯ ಮಸಾಲೆ ದಾಲ್ಚಿನ್ನಿ ಅಥವಾ ಲವಂಗ ಆಗಿರಬೇಕು, ಆಲ್ಕೋಹಾಲ್ ಶೇ. 7ಕ್ಕಿಂತ ಕಡಿಮೆ ಇರಬಾರದು. ನಮ್ಮ ಊರಿಗೂ ಆ ಕಡೆಗೂ ಹಳೆಯ ನಂಟು. 1834ರಲ್ಲಿ ಮಂಗಳೂರಿಗೆ ಬಂದು ಶಾಲೆ, ಛಾಪಖಾನೆ, ಹೆಂಚಿನ ಕಾರ್ಖಾನೆ ಕಟ್ಟಿದ ಬಾಸೆಲ್ ಮಿಷನ್‌ನವರು ಅದೇ ಜರ್ಮನ್ ಮಾತಿನ ಸೀಮೆಯವರು.

ಆದರೆ ವೈನಿಗೆ ಮಸಾಲೆ ಹಾಕುವ ಚಾಳಿ ಇದಕ್ಕಿಂತ ಎಷ್ಟೋ ಹಳೆಯದು. ರೋಮನ್ನರು ವೈನಿಗೆ ಜೇನು, ಕೇಸರಿ, ಕರಿಮೆಣಸು ಹಾಕಿ ಕಾಯಿಸುತ್ತಿದ್ದರು. ಆ ಮೆಣಸು ಹೋಗುತ್ತಿದ್ದದ್ದು ಇಲ್ಲಿಂದಲೇ, ಘಟ್ಟದ ಕಾಡಿನಿಂದ ಇಳಿದು ಪಶ್ಚಿಮ ಕರಾವಳಿಯ ಬಂದರುಗಳ ಮೂಲಕ. ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಣವನ್ನು ಭಾರತ ನುಂಗುತ್ತಿದೆ ಎಂದು ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಗೊಣಗಿದ್ದಾನೆ. ಮೆಣಸಿನಲ್ಲಿ ಖಾರ ಬಿಟ್ಟರೆ ಜನ ಮೆಚ್ಚುವಂಥದ್ದು ಏನಿದೆ ಎಂಬುದೂ ಅವನ ಪ್ರಶ್ನೆ. ಒಳ್ಳೆಮೆಣಸಿನ ಸಾರು ತಿಂದಿರಲಿಲ್ಲ ಪಾಪ.

ಮಧ್ಯಯುಗದ ಯುರೋಪಿನಲ್ಲಿ ಇದಕ್ಕೆ ಹಿಪೊಕ್ರಾಸ್ ಎಂಬ ಹೆಸರಿತ್ತು. ಮಸಾಲೆ ನೆನೆದ ವೈನನ್ನು ಗಾಳಿಸುವ ಉದ್ದ ಬಟ್ಟೆ ಚೀಲಕ್ಕೆ 'ಹಿಪೊಕ್ರಟಿಸ್‌ನ ತೋಳು' ಅನ್ನುತ್ತಿದ್ದರು. ಹಳೆಯ ಗ್ರೀಕ್ ವೈದ್ಯನ ಹೆಸರಿನ ಬಟ್ಟೆ, ಅದರಿಂದ ಸೋಸಿದ ಪಾನೀಯ. ಕಷಾಯ ಅಂತ ಬಾಯಮ್ಮ ಗುರುತಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಹಾಗಂತ ಎಲ್ಲ ಮಸಾಲೆಯೂ ನಮ್ಮದೇ ಎಂದು ಬೀಗುವುದು ಬೇಡ. ಮೆಣಸು, ಏಲಕ್ಕಿ ನಮ್ಮ ಘಟ್ಟದವು. ಲವಂಗ, ಜಾಯಿಕಾಯಿ ಮೂಲದಲ್ಲಿ ಇಂಡೋನೇಷ್ಯಾದ ಮಲುಕು ದ್ವೀಪಗಳವು. ಚಕ್ರಮೊಗ್ಗು ಚೀನಾ, ವಿಯೆಟ್ನಾಂ ಕಡೆಯದು. ಈಗ ಪುತ್ತೂರು, ಸುಳ್ಯದ ಅಡಿಕೆ ತೋಟಗಳ ನೆರಳಿನಲ್ಲಿ ಜಾಯಿಕಾಯಿ ಚೆನ್ನಾಗಿಯೇ ಬೆಳೆಯುತ್ತದೆ, ಅದು ಬೇರೆ ಮಾತು.

ಈಗ ಉರಿಯ ವಿಷಯಕ್ಕೆ ಬರೋಣ. ಎಲ್ಲ ಗುಟ್ಟು ಇರುವುದು ಇಲ್ಲೇ.

ವೈನಿನಲ್ಲಿ ಹೆಚ್ಚಿನ ಪಾಲು ನೀರು, ಸುಮಾರು ಶೇ. 12ರಿಂದ 14 ಆಲ್ಕೋಹಾಲ್, ಉಳಿದದ್ದು ಹುಳಿ, ಸಕ್ಕರೆ, ಬಣ್ಣ, ಒಗರು, ಪರಿಮಳ. ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶುದ್ಧ ಆಲ್ಕೋಹಾಲ್ ಸುಮಾರು 78ರಲ್ಲಿ. ಎರಡೂ ಬೆರೆತಿರುವ ವೈನ್ ಕುದಿಯುವುದು 90ರ ಆಸುಪಾಸಿನಲ್ಲಿ. ಆಗ ಮೇಲೇಳುವ ಹಬೆಯಲ್ಲಿ ಆಲ್ಕೋಹಾಲ್ ಪಾಲು ಪಾತ್ರೆಯಲ್ಲಿ ಇರುವುದಕ್ಕಿಂತ ಎಷ್ಟೋ ಜಾಸ್ತಿ. ಭಟ್ಟಿ ಇಳಿಸುವುದು ಇದೇ ಲೆಕ್ಕದ ಮೇಲೆ. ಭಟ್ಟಿಯವರು ಆ ಹಬೆಯನ್ನು ಹಿಡಿದು ತಣಿಸಿ ಬಾಟಲಿಗೆ ತುಂಬುತ್ತಾರೆ, ನಾವು ಅದನ್ನು ಅಡುಗೆಕೋಣೆಯ ಕಿಟಕಿಯಿಂದ ಹೊರಗೆ ಬಿಡುತ್ತೇವೆ.

ಬರೀ ಆಲ್ಕೋಹಾಲ್ ಹೋದರೆ ಅಷ್ಟು ಬೇಜಾರಿಲ್ಲ. ಹಣ್ಣಿನ ಪರಿಮಳ ಕೊಡುವ ಅಂಶಗಳು ಅದಕ್ಕಿಂತ ಹಗುರ, ಅವೂ ಹಾರಿಹೋಗುತ್ತವೆ. ನೀರೂ ಆರುತ್ತದೆ. ಹಾರಲಾರದ ಹುಳಿ, ಒಗರು ಮಾತ್ರ ಉಳಿದು ಗಟ್ಟಿಯಾಗುತ್ತವೆ. ಕೆಂಪು ವೈನಿನ ಒಗರು ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬಂದದ್ದು. ಚಹಾ ಸೊಪ್ಪನ್ನು ಜಾಸ್ತಿ ಹೊತ್ತು ಕುದಿಸಿದಾಗ ನಾಲಿಗೆ ಹಿಡಿಯುತ್ತದಲ್ಲ, ಅದೇ ಜಾತಿಯದು. ನನ್ನ ಮೊದಲ ಪ್ರಯೋಗದಲ್ಲಿ ಆದದ್ದು ಇಷ್ಟೇ.

ಹಾಗಾದರೆ ಎಷ್ಟು ಬಿಸಿ? ಸುಮಾರು 70 ಡಿಗ್ರಿ ಸಾಕು. ಅಡುಗೆಯ ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕಣ್ಣು ಸಾಕು. ಮೇಲೆ ಹಬೆ ಆಡಬೇಕು, ವೈನಿನ ಮೈ ಅಲುಗಬಾರದು. ಹಾಲು ಉಕ್ಕುವ ಮುಂಚೆ ಅಂಚಿನಲ್ಲಿ ಸಾಲಾಗಿ ಸಣ್ಣ ಗುಳ್ಳೆ ಮೂಡುತ್ತದೆ ನೋಡಿ, ವೈನಿನಲ್ಲಿ ಅದು ಕಂಡರೆ ಆಗಲೇ ತಡವಾಯಿತು, ಕೂಡಲೇ ಇಳಿಸಿ. ಒಲೆಯ ಚಿಕ್ಕ ಬರ್ನರ್, ಅದರಲ್ಲೂ ಸಿಮ್. ಮೇಲೆ ಮುಚ್ಚಳ. ಮುಚ್ಚಳ ಹಾಕಿದರೆ ಹಬೆಯಾದದ್ದು ತಣಿದು ವಾಪಸ್ ಪಾತ್ರೆಗೇ ತೊಟ್ಟಿಕ್ಕುತ್ತದೆ.

ಇಲ್ಲೊಂದು ತೊಡಕು ಇದೆ. 70 ಡಿಗ್ರಿಯಲ್ಲಿ ಸಕ್ಕರೆ ಕರಗುತ್ತದೆ, ಆದರೆ ದಾಲ್ಚಿನ್ನಿ ಚಕ್ಕೆಯಂಥ ಗಟ್ಟಿ ತೊಗಟೆ ಬೇಗ ಬಾಯಿ ಬಿಡುವುದಿಲ್ಲ. ಅದಕ್ಕೆ ಜೋರು ಶಾಖ ಬೇಕು. ವೈನಿಗೆ ಜೋರು ಶಾಖ ಆಗದು. ಪರಿಹಾರ ಸುಲಭ. ಕೆಲಸವನ್ನು ಎರಡು ಪಾಲು ಮಾಡುವುದು. ಮೊದಲು ಸ್ವಲ್ಪ ನೀರು, ಕಿತ್ತಳೆ ರಸ, ಸಕ್ಕರೆಯಲ್ಲಿ ಮಸಾಲೆಯನ್ನು ಕುದಿಸಿ ಪಾಕದಂಥ ಕಷಾಯ ಮಾಡಿಕೊಳ್ಳುವುದು. ಇಲ್ಲಿ ಅಜ್ಜಿಯ ವಿಧಾನ ನಡೆಯುತ್ತದೆ, ಧೈರ್ಯವಾಗಿ ಕುದಿಸಿ. ಆಮೇಲೆ ಉರಿ ತಗ್ಗಿಸಿ ವೈನ್ ಸೇರಿಸಿ, ಅದೇ ಮಸಾಲೆಯ ಜೊತೆ ಹದಿನೈದು ಇಪ್ಪತ್ತು ನಿಮಿಷ ಬೆಚ್ಚಗೆ ಇಡುವುದು. ಈ ಎರಡನೇ ಹಂತವೂ ಬೇಕೇ ಬೇಕು. ಮಸಾಲೆಯ ಘಮ ಅಂದರೆ ಎಣ್ಣೆಯ ಅಂಶ. ಲವಂಗದ್ದು ಯುಜಿನಾಲ್, ದಾಲ್ಚಿನ್ನಿಯದ್ದು ಸಿನಮಾಲ್ಡಿಹೈಡ್, ಚಕ್ರಮೊಗ್ಗಿನದ್ದು ಅನಿಥೋಲ್. ಇವು ನೀರಿಗಿಂತ ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ಕರಗುತ್ತವೆ. ನೀರಿನ ಕಷಾಯಕ್ಕೆ ಬಾರದ ಪರಿಮಳ ಬೆಚ್ಚಗಿನ ವೈನಿಗೆ ಬರುವುದು ಇದಕ್ಕೇ.

ವೈನ್ ಯಾವುದು? ನಮ್ಮಲ್ಲಿ ಎಲ್ಲ ಮದ್ಯದಂಗಡಿಗೂ ವೈನ್ ಶಾಪ್ ಅಂತಲೇ ಹೆಸರು, ಆದರೆ ಒಳಗೆ ಹೋಗಿ ವೈನ್ ಕೇಳಿದರೆ ಹುಡುಗ ಒಂದು ಕ್ಷಣ ತಬ್ಬಿಬ್ಬಾಗಿ ಮೂಲೆಯ ಶೆಲ್ಫಿಗೆ ಕೈ ಹಾಕುತ್ತಾನೆ. ಅಲ್ಲಿ ಎರಡು ಬಗೆ ಸಿಗುತ್ತದೆ. ಒಂದು, ನಾಶಿಕದ ಕಡೆಯದೋ ನಂದಿಬೆಟ್ಟದ ಕಡೆಯದೋ ಸಿಹಿಯಿಲ್ಲದ ಕೆಂಪು ವೈನ್, ಲೇಬಲ್ಲಿನ ಮೇಲೆ ಶಿರಾಜ್ ಅಥವಾ ಕ್ಯಾಬರ್ನೆ ಅಂತ ದ್ರಾಕ್ಷಿ ತಳಿಯ ಹೆಸರು ಬರೆದಿರುತ್ತದೆ. ಇನ್ನೊಂದು, ಪೋರ್ಟ್ ಅಂತ ಬರೆದಿರುವ ಸಿಹಿ ವೈನ್. ಪೋರ್ಚುಗಲ್ಲಿನ ಡೌರೊ ಕಣಿವೆಯ ಅಸಲಿ ಪೋರ್ಟ್‌ಗೂ ಇದಕ್ಕೂ ಹೆಸರಿನ ನಂಟು ಮಾತ್ರ. ನನ್ನ ಮತ ಮೊದಲನೆಯದಕ್ಕೆ. ಸಿಹಿ ನಮ್ಮ ಕೈಯಲ್ಲೇ ಇರಲಿ. ದುಬಾರಿ ಬಾಟಲಿ ಖಂಡಿತ ಬೇಡ. ಅದರ ಸೂಕ್ಷ್ಮವೆಲ್ಲ ಲವಂಗದ ಎದುರು ಮಾಯವಾಗುತ್ತದೆ. ಹಾಗಂತ ತೆರೆದಿಟ್ಟು ಹುಳಿಯಾದ ವೈನನ್ನು ಮಸಾಲೆ ಹಾಕಿ ಮುಗಿಸುವ ಉಪಾಯವೂ ಬೇಡ. ಬಿಸಿ ಮಾಡಿದರೆ ವಿನೆಗರ್ ವಾಸನೆ ಇನ್ನೂ ಎದ್ದು ಬರುತ್ತದೆ.

ಮನೆ ವೈನಿನ ಮಾತು ಬಂದೇ ಬರುತ್ತದೆ. ಮಂಗಳೂರು, ಉಡುಪಿಯ ಕ್ರೈಸ್ತ ಮನೆಗಳಲ್ಲಿ ನಾತಾಳ್‌ಗೆ, ಅಂದರೆ ಕ್ರಿಸ್ಮಸ್‌ಗೆ, ಭರಣಿಯ ವೈನ್ ಇರಲೇಬೇಕು. ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಈಸ್ಟ್. ಬೆಂಗಳೂರು ಬ್ಲೂ ದ್ರಾಕ್ಷಿಯದ್ದಾದರೆ ಆ ಗಾಢ ಜಾಮಿನಂಥ ವಾಸನೆ ದೂರದಿಂದಲೇ ಗೊತ್ತಾಗುತ್ತದೆ. ಸಕ್ಕರೆ ಎಷ್ಟು ಹಾಕುತ್ತಾರೆಂದರೆ ಈಸ್ಟ್ ಪೂರ್ತಿ ತಿಂದು ಮುಗಿಸುವುದಿಲ್ಲ, ಸಿಹಿ ಉಳಿಯುತ್ತದೆ. ಅಂಥದ್ದನ್ನು ಮಸಾಲೆಯ ಜೊತೆ ಬಿಸಿ ಮಾಡುವಾಗ ಸಕ್ಕರೆ ಹಾಕಲೇಬಾರದು, ಬದಲಿಗೆ ಅರ್ಧ ನಿಂಬೆ ಹಿಂಡಬೇಕು. ಒಂದು ಮಾತು ಹೇಳಲೇಬೇಕು. ಊರಿನ ರೂಢಿ ಬೇರೆ, ಕಾಯ್ದೆ ಬೇರೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಮಾರುವಂತೆಯೂ ಇಲ್ಲ. ಅದಕ್ಕೇ ಇಲ್ಲಿನ ಅಳತೆಯೆಲ್ಲ ಅಂಗಡಿಯ ಬಾಟಲಿಯದ್ದು.

ಪಾತ್ರೆಯ ಬಗ್ಗೆ ಎರಡು ಮಾತು. ವೈನ್ ಹುಳಿ ಪದಾರ್ಥ. ಅಲ್ಯೂಮಿನಿಯಂ ಬೇಡ, ಕಲಾಯಿ ಹಾಕದ ಹಿತ್ತಾಳೆ, ತಾಮ್ರ ಬೇಡವೇ ಬೇಡ. ದಪ್ಪ ತಳದ ಸ್ಟೀಲ್ ಸರಿ. ಮಣ್ಣಿನ ಪಾತ್ರೆಯಲ್ಲಿ ಮಾಡಿದರೆ ಚೆಂದ ಅಂತ ಯಾರೋ ಹೇಳಿದರೆ ಮೊದಲು ಆ ಪಾತ್ರೆಯ ಚರಿತ್ರೆ ಕೇಳಿ. ಬಂಗುಡೆ ಗಸಿ ಮಾಡಿದ ಬಿಸಲೆ ಎಷ್ಟು ತೊಳೆದರೂ ತನ್ನ ಗುಣ ಬಿಡುವುದಿಲ್ಲ.

750 ಮಿಲಿಯ ಒಂದು ಬಾಟಲಿಗೆ ನಾನು ಹಾಕುವುದು ಇಷ್ಟು: ಎರಡು ಇಂಚಿನ ದಾಲ್ಚಿನ್ನಿ ಒಂದು ತುಂಡು, ಆರು ಲವಂಗ, ಒಂದು ಚಕ್ರಮೊಗ್ಗು, ಎರಡು ಏಲಕ್ಕಿ, ಐದಾರು ಒಳ್ಳೆಮೆಣಸು, ತೆಳ್ಳಗೆ ಹೆಚ್ಚಿದ ಹಸಿ ಶುಂಠಿ ನಾಲ್ಕು ಬಿಲ್ಲೆ. ಐದು ದೊಡ್ಡ ಚಮಚ ಸಕ್ಕರೆ, ಅಂದರೆ 60 ಗ್ರಾಂ. ಅರ್ಧ ಲೋಟ ನೀರು. ಒಂದು ಕಿತ್ತಳೆ. ಲವಂಗ ಜಾಸ್ತಿ ಬೇಡ ಎಂದು ಮತ್ತೆ ಮತ್ತೆ ಹೇಳುತ್ತೇನೆ. ಹಲ್ಲು ನೋವಿಗೆ ಲವಂಗದ ಎಣ್ಣೆ ಹಚ್ಚುತ್ತೇವಲ್ಲ, ಅದೇ ಯುಜಿನಾಲ್ ನಾಲಿಗೆಯನ್ನೂ ಜೋಮು ಹಿಡಿಸುತ್ತದೆ. ಚಕ್ರಮೊಗ್ಗು ಎರಡು ಹಾಕಿದರೆ ಬಿರಿಯಾನಿ ನೆನಪಾಗುತ್ತದೆ. ಪುಡಿ ಯಾವುದನ್ನೂ ಹಾಕಬೇಡಿ, ಎಷ್ಟು ಸೋಸಿದರೂ ಕೆಸರಾಗುತ್ತದೆ. ಜಾಯಿಕಾಯಿ ಮಾತ್ರ ಕೊನೆಗೆ ಲೋಟದ ಮೇಲೆ ಒಂದು ಚೂರು ತುರಿದರೆ ಚೆಂದ.

ದಾಲ್ಚಿನ್ನಿಯಲ್ಲೂ ಎರಡು ಉಂಟು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ದಪ್ಪ, ಗಡಸು ಚಕ್ಕೆ ಕ್ಯಾಸಿಯಾ. ಸಿಲೋನಿನದ್ದು ಕಾಗದದಂಥ ತೆಳು ಪದರ, ಸುರುಳಿ ಸುತ್ತಿಕೊಂಡಿರುತ್ತದೆ. ಕೈಯಲ್ಲೇ ಮುರಿಯುತ್ತದೆ, ಪರಿಮಳ ಮೃದು. ವೈನಿಗೆ ಕ್ಯಾಸಿಯಾದ ಖಾರವೇ ಒಪ್ಪುತ್ತದೆ ಅಂತ ನನಗೆ ಅನಿಸುತ್ತದೆ, ಆದರೆ ತುಂಡು ಚಿಕ್ಕದಿರಲಿ.

ಕಿತ್ತಳೆ ಕೊಡಗಿನದ್ದು ಸಿಕ್ಕರೆ ಅದೃಷ್ಟ. ಸಿಪ್ಪೆಯ ಹೊರಗಿನ ಬಣ್ಣದ ಪದರವನ್ನು ಮಾತ್ರ ಚಾಕುವಿನಲ್ಲಿ ಎರಡು ಮೂರು ಪಟ್ಟಿ ತೆಗೆಯಿರಿ. ಒಳಗಿನ ಬಿಳಿ ಭಾಗ ಕಹಿ, ಬಿಸಿಯಲ್ಲಿ ಇನ್ನೂ ಕಹಿ. ಹಣ್ಣನ್ನು ಹಿಂಡಿ ರಸ ಇಟ್ಟುಕೊಳ್ಳಿ. ಸಿಪ್ಪೆಯೊಂದಿಗೆ ದುಂಡಗೆ ಹೆಚ್ಚಿದ ಬಿಲ್ಲೆಗಳನ್ನು ಅರ್ಧ ಗಂಟೆ ತೇಲಿಸುವುದು ಫೋಟೊಕ್ಕೆ ಚೆಂದ, ಬಾಯಿಗಲ್ಲ.

ಇನ್ನು ಮಾಡುವುದು. ನೀರು, ಕಿತ್ತಳೆ ರಸ, ಸಿಪ್ಪೆಯ ಪಟ್ಟಿ, ಸಕ್ಕರೆ, ಎಲ್ಲ ಮಸಾಲೆ ಸೇರಿಸಿ ಏಳೆಂಟು ನಿಮಿಷ ಕುದಿಸಿ. ಬೆರಳಿಗೆ ಸ್ವಲ್ಪ ಅಂಟಬೇಕು, ಎಳೆ ಪಾಕ ಬರುವಷ್ಟು ಬೇಡ. ಒಲೆ ಆರಿಸಿ ಎರಡು ನಿಮಿಷ ಬಿಡಿ. ಆಮೇಲೆ ವೈನ್ ಸುರಿದು, ಸಿಮ್‌ನಲ್ಲಿಟ್ಟು, ಮುಚ್ಚಿ. ಹದಿನೈದು ನಿಮಿಷಕ್ಕೆ ಒಂದು ಚಮಚ ರುಚಿ ನೋಡಿ. ಸಾಕು ಅನಿಸಿದ ಕೂಡಲೇ ಸೋಸಿ. ಮಸಾಲೆ ಪಾತ್ರೆಯಲ್ಲೇ ಕೂತರೆ ಅದರ ಕೆಲಸ ನಿಲ್ಲುವುದಿಲ್ಲ. ಅತಿಥಿಗಳು ಬರುವುದು ಒಂದು ಗಂಟೆ ತಡವಾದರೆ ನಿಮ್ಮ ವೈನ್ ಲವಂಗದ ಎಣ್ಣೆಯಾಗಿರುತ್ತದೆ. ಬ್ರಾಂಡಿ ಬೇಕೆನ್ನುವವರು ಒಲೆ ಆರಿಸಿದ ಮೇಲೆ 30 ಮಿಲಿ ಹಾಕಲಿ. ಉರಿಯುವ ಗ್ಯಾಸಿನ ಹತ್ತಿರ ಬ್ರಾಂಡಿ ಬಾಟಲಿ ಬಗ್ಗಿಸಬೇಡಿ, ಭಗ್ಗೆಂದು ಹತ್ತಿಕೊಳ್ಳುತ್ತದೆ.

ಬೆಲ್ಲ ಹಾಕಬಹುದಾ ಅಂತ ಕೇಳುವವರಿದ್ದಾರೆ. ಹಾಕಿ ನೋಡಿದ್ದೇನೆ. ಬೆಲ್ಲದ ರುಚಿಯೇ ಮುಂದೆ ನಿಂತು ವೈನ್ ಹಿಂದೆ ಸರಿಯುತ್ತದೆ. ಬಣ್ಣವೂ ಕಂದು. ಜೇನು ಪರವಾಗಿಲ್ಲ, ಕೊನೆಗೆ ಬೆರೆಸಿ.

ನಮ್ಮ ಊರಿನ ಡಿಸೆಂಬರ್‌ಗೆ ಇದೆಲ್ಲ ಬೇಕಾ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಗಲು 32 ಡಿಗ್ರಿ, ರಾತ್ರಿಯೂ 20ಕ್ಕಿಂತ ಕೆಳಗೆ ಇಳಿಯುವುದು ಅಪರೂಪ. ಫ್ಯಾನ್ ಹಾಕಿಕೊಂಡು ಬಿಸಿ ವೈನ್ ಕುಡಿಯುವುದು ತಮಾಷೆಯೇ. ಜರ್ಮನಿಯಲ್ಲಿ ದೊಡ್ಡ ಮಗ್ ಹಿಡಿದು ಕೈ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಇಲ್ಲಿ ಚಹಾ ಹೋಟೆಲಿನ ಸಣ್ಣ ದಪ್ಪ ಗ್ಲಾಸ್ ಸಾಕು, ಅದೂ ಮುಕ್ಕಾಲು. ವೈನ್ ಗ್ಲಾಸ್ ಬಿಸಿಗೆ ಸೀಳು ಬಿಡಬಹುದು, ಸ್ಟೀಲ್ ಲೋಟ ತುಟಿ ಸುಡುತ್ತದೆ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಮಧ್ಯಾಹ್ನ ಐಸ್ ಹಾಕಿ ಕುಡಿದರೆ, ನಿಜ ಹೇಳಬೇಕೆಂದರೆ, ಬಿಸಿಯಾಗಿದ್ದಾಗಿನದಕ್ಕಿಂತ ಚೆನ್ನಾಗಿರುತ್ತದೆ.

ಅಂದಹಾಗೆ, ಮದ್ಯ ಕುಡಿದಾಗ ಮೈ ಬೆಚ್ಚಗಾಯಿತು ಅನಿಸುವುದು ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ. ಒಳಗಿನ ಶಾಖ ಹೊರಗೆ ಬರುತ್ತದೆ, ಅಷ್ಟೆ. ದೇಹ ನಿಜಕ್ಕೂ ಶಾಖ ಕಳೆದುಕೊಳ್ಳುತ್ತಿರುತ್ತದೆ.

'ಕುದಿಸಿದ್ದಲ್ವಾ, ಆಲ್ಕೋಹಾಲ್ ಎಲ್ಲ ಹೋಗಿರುತ್ತದೆ, ಮಕ್ಕಳಿಗೂ ಒಂದು ಗುಟುಕು ಕೊಡಿ' ಎಂಬ ಮಾತು ಪ್ರತಿ ವರ್ಷ ಕೇಳುತ್ತೇನೆ. ಇದು ಪೂರ್ತಿ ತಪ್ಪು. ಅಡುಗೆಯಲ್ಲಿ ಎಷ್ಟು ಆಲ್ಕೋಹಾಲ್ ಉಳಿಯುತ್ತದೆ ಎಂಬುದಕ್ಕೆ ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯೊಂದಿದೆ. ಕುದಿಯುತ್ತಿರುವುದಕ್ಕೆ ಸುರಿದು ಕೂಡಲೇ ಇಳಿಸಿದರೆ ಶೇ. 85 ಉಳಿಯುತ್ತದೆ. ಹದಿನೈದು ನಿಮಿಷ ಕುದಿಸಿದರೂ ಶೇ. 40, ಒಂದು ಗಂಟೆ ಕುದಿಸಿದರೆ ಶೇ. 25. ನಾವು ಮಾಡುತ್ತಿರುವುದು ಕುದಿಸದೇ ಇರುವ ವೈನ್. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಹಾಗೇ ಇರುತ್ತದೆ. ಸಿಹಿ, ಬಿಸಿ, ಘಮ ಸೇರಿ ಅದನ್ನು ಮರೆಸುತ್ತವೆ. ಇಗರ್ಜಿಯ ರಾತ್ರಿ ಪೂಜೆ ಮುಗಿಸಿ ಬಂದು ಎರಡು ಗ್ಲಾಸ್ ಕುಡಿದು ಸ್ಕೂಟರ್ ಹತ್ತುವವರಿಗೆ ಇದು ಗೊತ್ತಿರಲಿ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು, ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಮಕ್ಕಳಿಗೆ, ಕುಡಿಯದವರಿಗೆ ನಮ್ಮಲ್ಲಿ ಇದಕ್ಕಿಂತ ಒಳ್ಳೆಯದು ಉಂಟು. ಪುನರ್ಪುಳಿ, ಅಂದರೆ ಕೋಕಂ. ದ್ರಾಕ್ಷಿಗೆ ಕೆಂಪು ಕೊಡುವ ಆಂಥೊಸಯನಿನ್ ಕುಟುಂಬದ ಬಣ್ಣವೇ ಪುನರ್ಪುಳಿಯದ್ದೂ. ವೈನಿನಂತೆಯೇ ಹುಳಿ, ಸ್ವಲ್ಪ ಒಗರು. ಗ್ಲಾಸಿಗೆ ಹಾಕಿ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಮೂಗು ಹತ್ತಿರ ತಂದೇ ಹೇಳಬೇಕು. ಒಣ ಸಿಪ್ಪೆ ಹತ್ತು ಹನ್ನೆರಡು ತೊಳೆದು ಅರ್ಧ ಲೀಟರ್ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆಯಾದರೆ ಎರಡು ಸಲ ತೊಳೆಯಿರಿ. ಅದೇ ಮಸಾಲೆಯ ಪಾಕಕ್ಕೆ ಈ ನೀರು ಸೇರಿಸಿ, ರುಚಿ ನೋಡಿ ಸಕ್ಕರೆ ಹೆಚ್ಚಿಸಿ. ಇಲ್ಲಿ ಉರಿಯ ಕಟ್ಟುಪಾಡು ಇಲ್ಲ, ಹಾರಿಹೋಗಲು ಆಲ್ಕೋಹಾಲ್ ಇಲ್ಲವಲ್ಲ. ಒಂದು ಕುದಿ ಬರಿಸಿದರೂ ಆದೀತು.

ಸ್ವೀಡನ್ನಿನವರು ಗ್ಲೋಗ್‌ಗೆ ಒಣದ್ರಾಕ್ಷಿ, ಸಿಪ್ಪೆ ಸುಲಿದ ಬಾದಾಮಿ ಹಾಕಿ ಚಮಚದ ಜೊತೆ ಕೊಡುತ್ತಾರೆ. ಕಳೆದ ವರ್ಷ ನಾನು ಬಾದಾಮಿಯ ಬದಲು ಊರಿನ ಗೇರುಬೀಜ ಹಾಕಿ ಬಾಯಮ್ಮನಿಗೆ ಒಂದು ಗ್ಲಾಸ್ ಕೊಟ್ಟೆ. ಒಂದು ಗುಟುಕು ಕುಡಿದರು. ಚಮಚದಲ್ಲಿ ಗೇರುಬೀಜ ಎತ್ತಿ ನೋಡಿದರು. "ಈಗ ಜ್ವರದ್ದಲ್ಲ," ಅಂದರು, "ಈಗ ಇದು ಪಾಯಸ." ಗ್ಲಾಸ್ ಮಾತ್ರ ಖಾಲಿಯಾಗಿಯೇ ವಾಪಸ್ ಬಂತು.